ಮಗ ಹೇಳಿದ ಪ್ರಕಾರ

ಅಮ್ಮನ ಎದೆಯಲ್ಲಿ ಬೇಡದ ಸದ್ದೊಂದಿದೆ ಎಂದು ಮೊದಲು ಹೇಳಿದವರು ಕಣ್ಣಿನ ಆಸ್ಪತ್ರೆಯವರು. ಪೊರೆ ತೆಗೆಸಲೆಂದು ನನ್ನ ಹೆಂಡತಿ ಅವಳನ್ನು ಚಿಂತಾಮಣಿಗೆ ಕರೆದುಕೊಂಡು ಹೋಗಿದ್ದಳು. ಆಪರೇಷನ್ನಿಗೆ ಮುಂಚೆ ಪರೀಕ್ಷೆ ಮಾಡಿದ ಡಾಕ್ಟರು ಅಮ್ಮನ ಎದೆಗೆ ಇಟ್ಟ ಸ್ಟೆತಸ್ಕೋಪನ್ನು ಬಹಳ ಹೊತ್ತು ತೆಗೆಯಲೇ ಇಲ್ಲವಂತೆ. ಕಣ್ಣು ಆಮೇಲೆ ನೋಡೋಣ, ಮೊದಲು ಹೃದಯದವರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ನನ್ನ ಕೈಗೆ ಬಂತು. ಮಾರನೆಯ ವಾರ ಒಂದು ಗುರುವಾರ ನಾನು ಅಮ್ಮನನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ.

ಆ ಗುರುವಾರದ ಸಂಗತಿಯನ್ನು ಆಮೇಲೆ ಹಲವರಿಗೆ ಹೇಳಿದ್ದೇನೆ. ಡಾಕ್ಟರು ಅಮ್ಮನನ್ನು ಕೇಳಿದರು, ಅಮ್ಮ ಏನೂ ತೊಂದರೆ ಇಲ್ಲ ಅಂದಳು, ಆರು ತಿಂಗಳು ಬಿಟ್ಟು ಬನ್ನಿ ಎಂದು ಅವರು ಕಳಿಸಿದರು. ಹೀಗೇ ಹೇಳುತ್ತಿದ್ದೆ. ಇದರಲ್ಲಿ ಮೊದಲನೆಯದು ನಿಜ, ಕೊನೆಯದೂ ನಿಜ. ನಡುವಿನದು ನಡೆದೇ ಇರಲಿಲ್ಲ. ಗೊತ್ತಿದ್ದೂ ಸುಳ್ಳು ಹೇಳಲಿಲ್ಲ ಎಂದು ಇಲ್ಲಿ ಸೇರಿಸಬೇಕೆನಿಸುತ್ತದೆ, ಆದರೆ ಅದನ್ನೂ ಈಗ ಖಚಿತವಾಗಿ ಹೇಳಲಾರೆ.

ನಾನು ಚಿಕ್ಕಬಳ್ಳಾಪುರದ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನೆನಪನ್ನು ನಂಬಬೇಡಿ, ಕಾಗದ ತೋರಿಸಿ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತೇನೆ. ಬರೆದವನು ಯಾರು, ಯಾರ ಬಾಯಿಂದ ಕೇಳಿ ಬರೆದ, ಹಾಗೆ ಬರೆದದ್ದರಿಂದ ಅವನಿಗೇನು ಅನುಕೂಲ? ರಾಜರ ಶಾಸನಗಳನ್ನೂ ಹೀಗೆ ಅನುಮಾನದಿಂದ ಓದುವ ನಾನು ಸ್ವಂತ ತಾಯಿಯ ವಿಷಯದಲ್ಲಿ ನನ್ನನ್ನೇ ಕೇಳಿ ನನ್ನನ್ನೇ ನಂಬಿದ್ದೆ.

ನಮ್ಮ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿದೆ. ಮನೆಯ ಹಿಂದೆ ಒಂದು ಎಕರೆ ಹಿಪ್ಪುನೇರಳೆ ತೋಟ, ಅದರ ಅಂಚಿಗೆ ಶೀಟು ಹೊದಿಸಿದ ರೇಷ್ಮೆ ಹುಳುವಿನ ಮನೆ. ನಾನೂ ಹೆಂಡತಿಯೂ ಬೆಳಿಗ್ಗೆ ಎಂಟರ ಬಸ್ಸಿಗೆ ಒಂದೊಂದು ದಿಕ್ಕಿಗೆ ಹೊರಟರೆ ಸಂಜೆಯವರೆಗೆ ಅಲ್ಲಿ ಅಮ್ಮ, ಅವಳ ಜೊತೆಗೆ ಕೆಲಸ ಮಾಡುವ ಪಕ್ಕದ ಮನೆಯ ಹೆಂಗಸು, ಮತ್ತೆ ಹುಳು. ಅಪ್ಪ ತೀರಿಕೊಂಡ ಮೇಲೂ ಅಮ್ಮ ಒಂದು ಬೆಳೆಯನ್ನೂ ಬಿಟ್ಟವಳಲ್ಲ. ಎಪ್ಪತ್ತು ದಾಟಿದೆ, ಇನ್ನು ಸಾಕಮ್ಮಾ ಎಂದರೆ, "ನೀನು ರಿಟೈರ್ ಆದ ದಿನ ನಾನೂ ಆಗ್ತೀನಿ, ಹೋಗೋ" ಅನ್ನುತ್ತಿದ್ದಳು.

ಹುಳುವಿನ ಮನೆಯ ಬಾಗಿಲಲ್ಲಿ ಚೌಕಟ್ಟಿಗೆ ಕೈ ಕೊಟ್ಟು ಅವಳು ನಿಲ್ಲುವುದಿತ್ತು. ಸೊಪ್ಪು ಹಾಕಿದ ಮೇಲೆ ಸಾವಿರಾರು ಹುಳು ಒಟ್ಟಿಗೆ ತಿನ್ನುವಾಗ ಹೊರಡುವ ಸರಸರ ಸದ್ದು ಕೇಳಿದವರಿಗೇ ಗೊತ್ತು. ಆ ಸದ್ದಿನ ಮೇಲೇ ಸೊಪ್ಪು ಸಾಕೋ ಸಾಲದೋ, ಹುಳು ಚೆನ್ನಾಗಿದೆಯೋ ಸೊರಗಿದೆಯೋ ಎಂದು ಅಮ್ಮ ಹೇಳಿಬಿಡುತ್ತಿದ್ದಳು. ಇತ್ತೀಚೆಗೆ ಹಾಗೆ ನಿಲ್ಲುವುದು ಹೆಚ್ಚಾಗಿತ್ತು. ಏನಮ್ಮಾ ಎಂದರೆ, "ಹುಳ ಕೇಳ್ತಿದೀನಿ ಕಣಪ್ಪಾ" ಎನ್ನುತ್ತಿದ್ದಳು. ನನಗೆ ಅದು ಬಹಳ ಹಿಡಿಸಿತ್ತು. ಓದು ಬರಹಕ್ಕೆ ಸಿಗದ ತಿಳಿವಳಿಕೆಗೆ ಉದಾಹರಣೆಯಾಗಿ ಕ್ಲಾಸಿನಲ್ಲಿ ಎರಡು ಸಲವಾದರೂ ಹೇಳಿದ್ದೇನೆ.

ಚಿಕ್ಕಬಳ್ಳಾಪುರದ ಹೃದಯದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸ್ಕ್ಯಾನ್ ನೋಡಿ, ಪೆನ್ನಿನಲ್ಲಿ ಕಾಗದದ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಒಂದು ಸಣ್ಣ ಸೀಳು ಎಳೆದರು. "ಹೃದಯದಿಂದ ರಕ್ತ ಹೊರಗೆ ಹೋಗೋ ಬಾಗಿಲು ಇದು. ಇಷ್ಟು ತೆರ್ಕೋಬೇಕು, ಇಷ್ಟೇ ತೆರ್ಕೊಳ್ತಿದೆ. ವಯಸ್ಸಿಗೆ ಸುಣ್ಣ ಕಟ್ಟಿ ಗಟ್ಟಿಯಾಗಿದೆ" ಎಂದರು. ಅಮ್ಮ ಆ ಸೀಳನ್ನೇ ನೋಡುತ್ತಿದ್ದಳು.

"ನಡೆದ್ರೆ ಉಸಿರು ಕಟ್ಟುತ್ತಾ ಅಮ್ಮಾ? ಎದೆ ಹಿಡ್ದಂಗೆ ಆಗೋದು, ತಲೆ ತಿರುಗೋದು, ಏನಾದ್ರೂ ಇದೆಯಾ?"

ಹಾಗೇನಾದರೂ ಇದ್ದರೆ ಬೇಗ ಹೊಸ ಕವಾಟ ಹಾಕಿಸಬೇಕು, ಇಲ್ಲದಿದ್ದರೆ ನೋಡಿಕೊಂಡು ಕಾಯಬಹುದು ಎಂದು ಅವರು ಆಗಲೇ ಹೇಳಿದ್ದರು. ಅಂದರೆ ಎಲ್ಲವೂ ಆ ಒಂದು ಪ್ರಶ್ನೆಗೆ ಬರುವ ಉತ್ತರದ ಮೇಲೆ ನಿಂತಿತ್ತು. ಆ ಉತ್ತರ ಬಂತು, ಆರು ತಿಂಗಳ ಗಡುವೂ ಬಂತು. "ಈ ಮೂರರಲ್ಲಿ ಒಂದು ಕಾಣಿಸಿಕೊಂಡ್ರೂ ಮಾರನೇ ದಿನಾನೇ ಬನ್ನಿ. ಆಮೇಲೆ ಕಾಯೋ ಕಾಯಿಲೆ ಅಲ್ಲ ಇದು" ಎಂದು ಡಾಕ್ಟರು ಬಾಗಿಲವರೆಗೂ ಬಂದು ಹೇಳಿದರು. ನಾನು ಹಗುರಾಗಿ ಹೊರಗೆ ಬಂದೆ. ಆಸ್ಪತ್ರೆಗೆ ಕಾಲಿಟ್ಟವರನ್ನೆಲ್ಲ ಆಪರೇಷನ್ ಟೇಬಲ್ಲಿಗೆ ಹತ್ತಿಸುತ್ತಾರೆ ಎಂಬ ಅನುಮಾನ ಮೊದಲಿನಿಂದಲೂ ನನಗಿತ್ತು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಅದನ್ನೇ ಅಮ್ಮನಿಗೆ ವಿವರಿಸಿದೆ. ಅವಳು ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದು ಕೇಳಿಸಿಕೊಂಡಳು. ಆಮೇಲೆ ಅವಳನ್ನು ಶಿಡ್ಲಘಟ್ಟದ ಬಸ್ಸು ಹತ್ತಿಸಿ ಕಾಲೇಜಿನ ಕಡೆ ಓಡಿದೆ. ಎರಡು ಗಂಟೆಗೆ ವಿಭಾಗದ ಮೀಟಿಂಗ್ ಇತ್ತು.

ಅವಳು ಬಿದ್ದದ್ದು ಅದರ ಮುಂದಿನ ಬೆಳೆಯಲ್ಲಿ, ಎರಡು ತಿಂಗಳೂ ತುಂಬಿರಲಿಲ್ಲ. ತೋಟದ ಸಾಲಿನಲ್ಲಿ ರೆಂಬೆಯ ಹೊರೆಯನ್ನು ಎತ್ತಲು ಬಗ್ಗಿದವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಪಕ್ಕದ ಮನೆಯ ಹೆಂಗಸು ಕೂಗಿ ಜನ ಸೇರಿಸಿ, ಆಟೋದಲ್ಲಿ ಶಿಡ್ಲಘಟ್ಟಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ತಂದಳು. ನಾನು ಅದೇ ಊರಿನಲ್ಲಿದ್ದೆ, ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಫೋನಿನ ಸದ್ದು ಅಡಗಿಸಿಟ್ಟು ಪಾಠ ಮಾಡುತ್ತಿದ್ದೆ. ಗೌರಿಬಿದನೂರಿನಲ್ಲಿ ಶಾಲೆಯ ಟೀಚರಾಗಿರುವ ನನ್ನ ಅಕ್ಕ ಸುದ್ದಿ ಕೇಳಿ ಮಂಚೇನಹಳ್ಳಿ ಮೇಲಿನ ಬಸ್ಸು ಹಿಡಿದು ಬಂದು ಅಮ್ಮನ ತಲೆದೆಸೆಯಲ್ಲಿ ಕೂತು ಅರ್ಧ ಗಂಟೆಯಾದ ಮೇಲೆ ನಾನು ಹೋದೆ.

"ಬಂದ್ರಾ ಪ್ರೊಫೆಸರ್ರು" ಎಂದಳು ಅಕ್ಕ.

ಅಮ್ಮನಿಗೆ ಎಚ್ಚರವಿತ್ತು. ಮೂಗಿಗೆ ಆಮ್ಲಜನಕದ ನಳಿಕೆ. ಪಕ್ಕದ ಮನೆಯ ಹೆಂಗಸು ಗೋಡೆಗೆ ಒರಗಿ ನಿಂತಿದ್ದಳು, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡದ್ದು ಹಾಗೇ ಇತ್ತು. ಅದೇ ಡಾಕ್ಟರು ಬಂದು ಕೇಳಿದರು: "ಈ ಸುಸ್ತು ಯಾವಾಗಿಂದ?"

"ಇದೇ ಮೊದ್ಲು ಡಾಕ್ಟ್ರೇ" ಎಂದೆ.

"ಎಲ್ಲಿ ಮೊದ್ಲು ಸಾರ್?" ಎಂದಳು ಗೋಡೆಗೆ ಒರಗಿದ್ದವಳು. "ಹೋದ್ ಬೇಸಿಗೆಯಿಂದ್ಲೂ ದೊಡ್ಡಮ್ಮ ತೋಟದಿಂದ ಮನೆಗೆ ಬರೋಷ್ಟ್ರಲ್ಲಿ ಮೂರು ಕಡೆ ಕೂತ್ಕೊಂತಾರೆ. ಹೊರೆ ನಾನು ಹೊರ್ತೀನಿ, ಅವ್ರು ಬರೀ ಕಟ್ತಾರೆ. ಯಾರಿಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ರು. ಅಯ್ಯೋ ದೇವುಡಾ, ಈಗ ಹೇಳ್ದೆ ಇನ್ಯಾವಾಗ ಹೇಳ್ಲಿ!"

ಡಾಕ್ಟರು ಹಳೆಯ ಫೈಲು ತೆಗೆದು, ಮೊದಲ ಭೇಟಿಯ ಪುಟವನ್ನು ನನ್ನ ಕಡೆಗೆ ತಿರುಗಿಸಿದರು. ಅವರ ಇಂಗ್ಲಿಷ್ ಬರಹ ದುಂಡಗಿತ್ತು, ಓದಲು ಕಷ್ಟವಾಗಲಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಅಲ್ಲಿದ್ದದ್ದು ಇಷ್ಟು: ಲಕ್ಷಣಗಳು ಇಲ್ಲ, ಮಗ ಹೇಳಿದ ಪ್ರಕಾರ.

ಮೂಲವನ್ನೂ ನಮೂದಿಸಿದ್ದರು. ನಾನು ಹುಡುಗರಿಗೆ ಹೇಳಿಕೊಡುವುದನ್ನು ಆ ಹೆಣ್ಣುಮಗಳು ಅಚ್ಚುಕಟ್ಟಾಗಿ ಮಾಡಿದ್ದರು. ಅದನ್ನು ಓದಿದಾಗ ಆ ಗುರುವಾರದ ದನಿ ನೆನಪಿಗೆ ಬಂತು, ಅಥವಾ ಬಂದಂತೆ ಅನ್ನಿಸಿತು: "ಏನೂ ಇಲ್ಲ ಡಾಕ್ಟ್ರೇ, ಈಗ್ಲೂ ಹುಳದ ಮನೆ ಪೂರ್ತಿ ಅವರದೇ." ದನಿ ನನ್ನದು. ಹೆಮ್ಮೆಯ ದನಿ. ನಮ್ಮ ಕಡೆ ತಾಯಂದಿರ ಬಗ್ಗೆ ಹಾಗೆಯೇ ಹೇಳುವುದು. ಈ ವಯಸ್ಸಿನಲ್ಲೂ ಎಷ್ಟು ದುಡಿಯುತ್ತಾರೆ ಎಂದು ಡಾಕ್ಟರ ಮುಂದೆಯೂ ಹೊಗಳಿ ಬಂದಿದ್ದೆ.

"ಅಮ್ಮಾನೇ ಇಲ್ಲ ಅಂದ್ಲು ಅಂತ ಫೋನಲ್ಲಿ ಹೇಳಿದ್ಯಲ್ಲೋ?" ಎಂದಳು ಅಕ್ಕ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನಳಿಕೆಯನ್ನು ಸರಿಸಿ, "ನಾನೇ ಕಣೇ ಅಂದಿದ್ದು. ಅವ್ನು ಅದನ್ನೇ ಜೋರಾಗಿ ಹೇಳ್ದ, ಅಷ್ಟೇ. ಬಿಡು" ಎಂದಳು.

ಮೂರನೆಯ ದಿನ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಹಿಂದಿನ ಎರಡು ರಾತ್ರಿ ನಿದ್ದೆಗೆಟ್ಟು ಸಿಕ್ಕಿದ್ದನ್ನೆಲ್ಲ ಓದಿ, ಕಾಗದಕ್ಕಿಳಿಸಿ, ಕ್ಲಿಪ್ಪು ಹಾಕಿಕೊಂಡು ಹೋಗಿದ್ದೆ. ಅಲ್ಲಿನ ಡಾಕ್ಟರು ಹಿರಿಯರು, ಆತುರವಿಲ್ಲದವರು. ದಾರಿ ಎರಡಿವೆ ಎಂದರು. ಒಂದು, ಎದೆಯ ಮೂಳೆ ತೆರೆದು, ಸ್ವಲ್ಪ ಹೊತ್ತು ಹೃದಯದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಹಳೆಯ ಕವಾಟ ತೆಗೆದು ಹೊಸದನ್ನು ಹೊಲಿಯುವುದು. ಇನ್ನೊಂದು, ತೊಡೆಯ ರಕ್ತನಾಳದೊಳಗಿಂದ ಸಣ್ಣ ನಳಿಕೆ ತೂರಿಸಿ, ಮಡಿಸಿಟ್ಟ ಕವಾಟವನ್ನು ಹಳೆಯದರ ಒಳಗೇ ಅರಳಿಸುವುದು. ಬಲೂನು ಹಿಗ್ಗಿಸಿ ತಾತ್ಕಾಲಿಕವಾಗಿ ತೆರೆಯುವುದೂ ಉಂಟು, ಆದರೆ ಅದು ಬಹಳ ದಿನ ನಿಲ್ಲುವುದಿಲ್ಲ.

ನಾನು ಕಾಗದ ಬಿಚ್ಚಿದೆ. ನಳಿಕೆಯ ಕವಾಟ ಎಷ್ಟು ವರ್ಷ ಬಾಳುತ್ತದೆ, ಪಕ್ಕದಲ್ಲಿ ಸೋರುವ ಸಂಭವ ಎಷ್ಟು, ಪೇಸ್‌ಮೇಕರ್ ಬೇಕಾಗಬಹುದೇ, ಪಾರ್ಶ್ವವಾಯುವಿನ ಭಯ ಯಾವುದರಲ್ಲಿ ಹೆಚ್ಚು. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಐದನೆಯ ಪ್ರಶ್ನೆಗೆ ಅಕ್ಕ, "ಸಾಕು ಕಣೋ. ಕೇಳ್ಬೇಕಾಗಿದ್ದ ದಿನ ಕೇಳ್ಲಿಲ್ಲ, ಈಗ ವೈವಾ ತಗೊಂತಿದೀಯ" ಎಂದಳು.

ಡಾಕ್ಟರು ಎರಡು ಸ್ಕ್ಯಾನುಗಳನ್ನೂ ಪಕ್ಕಪಕ್ಕ ಇಟ್ಟಿದ್ದರು. ಈ ಎರಡು ತಿಂಗಳಲ್ಲಿ ಹೃದಯದ ಬಲ ಸ್ವಲ್ಪ ಇಳಿದಿದೆ ಎಂದರು. "ಆಗಲೇ ಬಂದಿದ್ದರೆ ಎರಡೂ ದಾರಿಗಳನ್ನು ಸಮನಾಗಿ ನಿಮ್ಮ ಮುಂದೆ ಇಡಬಹುದಿತ್ತು. ಈಗ ಎದೆ ತೆರೆಯೋದಕ್ಕೆ ನನಗೆ ಸ್ವಲ್ಪ ಅಳುಕು. ತೊಡೆಯ ನಾಳ ಸಾಕಷ್ಟು ಅಗಲ ಇದೆಯಾ ಅಂತ ಸಿಟಿ ಸ್ಕ್ಯಾನ್ ಮಾಡಿ ನೋಡೋಣ. ಇಲ್ಲದಿದ್ದರೆ ಎಲ್ಲ ಡಾಕ್ಟರೂ ಕೂತು ಮತ್ತೆ ಯೋಚಿಸಬೇಕಾಗತ್ತೆ." ಈ ಮಾತಿನ ಹೊತ್ತಿಗೆ ನಾನು ಕ್ಲಿಪ್ಪನ್ನು ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ.

ಆಗ ಅಮ್ಮ ಕೇಳಿದಳು: "ಎಷ್ಟು ಬೆಳೆ ಬಿಡ್ಬೇಕು ಸ್ವಾಮಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ವಿವರಿಸಲು ನಾನು ಮುಂದಕ್ಕೆ ಬಾಗಿದೆ. ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು, ಚಿಕ್ಕವರಿದ್ದಾಗ ಚಿವುಟುತ್ತಿದ್ದಷ್ಟೇ ಜೋರಾಗಿ.

"ರೇಷ್ಮೆ ಹುಳದ ಬೆಳೆ" ಎಂದಳು ಅಮ್ಮ. "ಒಂದು ಬೆಳೆ ಅಂದ್ರೆ ಒಂದು ತಿಂಗ್ಳು ಅಂದ್ಕೊಳ್ಳಿ."

"ಓ! ಎದೆ ತೆರೆದರೆ ಮೂರು ಬೆಳೆ ಭಾರ ಎತ್ತೋ ಹಾಗಿಲ್ಲಮ್ಮ. ತೊಡೆ ಕಡೆಯಿಂದ ಆದ್ರೆ ಒಂದು ಸಾಕು."

"ಏನೂ ಮಾಡಿಸ್ದೆ ಇದ್ರೆ?"

ಆ ಪ್ರಶ್ನೆ ನನ್ನ ಕಾಗದಗಳಲ್ಲಿ ಇರಲಿಲ್ಲ. ಡಾಕ್ಟರು ಅವಳನ್ನೇ ನೋಡುತ್ತ ಹೇಳಿದರು: "ಮಾತ್ರೆ ಕೊಡ್ತೀವಿ. ಕಾಲಿನ ಊತ ಇಳಿಯುತ್ತೆ, ಉಸಿರು ಸ್ವಲ್ಪ ಹಗುರಾಗುತ್ತೆ. ಆದ್ರೆ ಮಾತ್ರೆಗೆ ಬಾಗಿಲು ತೆರೆಯೋಕೆ ಬರಲ್ಲಮ್ಮ. ಬಹಳ ವರ್ಷ ಸಿಗುತ್ತೆ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ. ಬೇಡ ಅನ್ನೋ ಹಕ್ಕೂ ನಿಮಗಿದೆ."

ಅಮ್ಮ ತಲೆಯಾಡಿಸಿದಳು. "ತೊಡೆ ಕಡೆಯಿಂದ್ಲೇ ಮಾಡಿ. ದಾರಿ ಅಗಲ ಇದ್ರೆ." ಅಷ್ಟೇ. ಅವಳ ಮಾತಿಗೆ ನಿಮಿಷವೂ ಹಿಡಿಯಲಿಲ್ಲ. ಅಷ್ಟು ಜಾಗ ಯಾರೂ ಮೊದಲು ಅವಳಿಗೆ ಬಿಟ್ಟಿರಲಿಲ್ಲ.

ಸ್ಕ್ಯಾನಿಗೂ ಪರೀಕ್ಷೆಗಳಿಗೂ ಅಕ್ಕ ಅಲ್ಲೇ ಉಳಿದಳು. ನನ್ನನ್ನು ಊರಿಗೆ ಕಳಿಸಿದರು. ಹುಳು ಹಣ್ಣಾಗಿತ್ತು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಏರಿಸಬೇಕು, ಒಂದು ದಿನ ತಡವಾದರೂ ಬೆಳೆ ಹಾಳು. ನಾನೂ ಪಕ್ಕದ ಮನೆಯ ಹೆಂಗಸೂ ಬೆಳಗಿನಿಂದ ಆರಿಸಿದೆವು. ಅವಳು ಹತ್ತು ಆರಿಸುವಷ್ಟರಲ್ಲಿ ನಾನು ಎರಡು. "ನೀವು ಪಾಠ ಮಾಡಿ ಸಾರ್, ಅವೇ ಕೇಳಿ ಹತ್ಕೊಂತಾವೆ" ಎಂದು ನಕ್ಕಳು.

ಮಧ್ಯಾಹ್ನ ಕೈ ತೊಳೆದು ಬಂದು ನಿಂತಾಗ, ಒಳಗಿನ ಗೋಡೆಯ ಮೇಲೆ ತೂಗುಹಾಕಿದ್ದ ಕ್ಯಾಲೆಂಡರು ಕಣ್ಣಿಗೆ ಬಿತ್ತು. ನಾಲ್ಕನೆಯ ಕ್ಲಾಸು ಓದಿದ ಅಮ್ಮ ಬೆಳೆಯ ಲೆಕ್ಕವನ್ನು ಅದರಲ್ಲೇ ಬರೆಯುತ್ತಾಳೆ. ಮರಿ ತಂದ ದಿನ, ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣು. ಹುಳು ಪೊರೆ ಕಳಚುವ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ ಕಲ್ಲಿನಂತೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಮನೆ ಪೂರ್ತಿ ನಿಶ್ಶಬ್ದ.

ಹಿಂದಿನ ಬೆಳೆಯ ತಿಂಗಳನ್ನು ತಿರುವಿದೆ. ಒಂದು ಗುರುವಾರದ ಚೌಕದಲ್ಲಿ "ಡಾಕ್ಟ್ರು" ಎಂದಿತ್ತು. ಅದಕ್ಕೂ ಹಿಂದಿನ ಭಾನುವಾರದ ಚೌಕದಲ್ಲಿ "ನಾಲ್ಕನೇ ಜ್ವರ".

ನನಗೊಂದು ಚಿತ್ರ ನೆನಪಿತ್ತು. ಮಧ್ಯಾಹ್ನದ ಊಟಕ್ಕೆ ಕರೆಯಲು ಹಿತ್ತಲಿಗೆ ಹೋಗಿದ್ದೇನೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ಒಳಗೆ ಹಾಸಿಗೆ ಸುಣ್ಣದಿಂದ ಬೆಳ್ಳಗಿದೆ. "ಯಾಕಮ್ಮಾ?" "ಹುಳ ಕೇಳ್ತಿದೀನಿ ಕಣಪ್ಪಾ." ಒಂದು ಸದ್ದೂ ಇಲ್ಲ. ಅವಳ ಕತ್ತಿನ ನರ ಮಾತ್ರ ಹಾರುತ್ತಿದೆ. ನಾನು ಅದನ್ನು ನೋಡಿದ್ದೇನೆ, ನೋಡಿ ಒಳಗೆ ಹೋಗಿ ತಟ್ಟೆ ಹಾಕಿಕೊಂಡಿದ್ದೇನೆ.

ಈ ಚಿತ್ರವನ್ನು ಇಷ್ಟು ದಿನ ಡಾಕ್ಟರ ಭೇಟಿಯ ನಂತರಕ್ಕೆ, ಈಗಿನ ಬೆಳೆಗೆ ಸೇರಿಸಿಕೊಂಡಿದ್ದೆ. ಹಾಗಿದ್ದರೆ ನನ್ನ ತಪ್ಪು ಬರೀ ಅಸಡ್ಡೆ. ಈಗಿನ ಬೆಳೆಯ ನಾಲ್ಕನೇ ಜ್ವರದ ದಿನ ನೋಡಿದೆ. ಅವತ್ತು ನಾನು ಪರೀಕ್ಷೆಯ ಡ್ಯೂಟಿಗೆಂದು ಗೌರಿಬಿದನೂರಿನಲ್ಲಿದ್ದೆ, ಹಿಂದಿನ ದಿನವೇ ಹೋಗಿ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಮೂರನೇ ಜ್ವರ ಎರಡು ಬೆಳೆಯಲ್ಲೂ ಕೆಲಸದ ದಿನ ಬಿದ್ದಿತ್ತು. ಅಂದರೆ ನಾನು ಕಂಡದ್ದು ಆ ಭಾನುವಾರವೇ. ಡಾಕ್ಟರ ಮುಂದೆ ಕೂರುವುದಕ್ಕೆ ನಾಲ್ಕು ದಿನ ಮೊದಲು. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವನಿಗೆ ಜ್ವರದ ಹುಳು ಸದ್ದು ಮಾಡುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ಯಾಲೆಂಡರನ್ನು ಮತ್ತೆ ಮತ್ತೆ ತಿರುವಿದೆ. ಅಮ್ಮ ದಿನ ತಪ್ಪಾಗಿ ಬರೆದಿರಬಹುದೇ? ಸುಣ್ಣವನ್ನು ನಾನು ಕಲ್ಪಿಸಿಕೊಂಡಿರಬಹುದೇ? ಅನುಕೂಲಕ್ಕಾಗಿ ಹೀಗೆ ದಾಖಲೆಯನ್ನೇ ಅನುಮಾನಿಸುವ ಹುಡುಗರಿಗೆ ನಾನೇನು ಹೇಳುತ್ತಿದ್ದೆನೋ ಅದನ್ನು ನನಗೆ ಹೇಳಿಕೊಂಡು, ಮತ್ತೆ ಹುಳು ಆರಿಸಲು ಕೂತೆ.

ತೊಡೆಯ ದಾರಿ ಅಗಲವಿತ್ತು. ಅಮ್ಮನಿಗೆ ನಳಿಕೆಯ ಮೂಲಕವೇ ಹೊಸ ಕವಾಟ ಹಾಕಿದರು. ಎರಡು ದಿನಕ್ಕೆ ಎದ್ದು ನಡೆದಳು, ವಾರಕ್ಕೆ ಮನೆಗೆ ಬಂದಳು. ಇಳಿದ ಬಲ ಎಷ್ಟು ಮರಳಿ ಬರುತ್ತದೆಂದು ಈಗಲೇ ಹೇಳಲಾಗದು ಎಂದು ಡಾಕ್ಟರು ಎಚ್ಚರಿಸಿದ್ದರು. ಆ ಭಾನುವಾರದ ಸಂಗತಿಯನ್ನು ಆಸ್ಪತ್ರೆಯಲ್ಲಿ ನಾಲ್ಕೈದು ಸಲ ಅವಳಿಗೆ ಹೇಳಲು ಹೋಗಿ ಹೇಳಲಿಲ್ಲ. ಅಕ್ಕ ಇದ್ದಳು ಎಂಬುದು ನೆಪ.

ಮನೆಗೆ ಬಂದ ಹತ್ತನೆಯ ದಿನವೇನೋ, ಅವಳು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಎದುರಿಗೆ ಕೂತೆ. ಭಾನುವಾರದ್ದು, ಸುಣ್ಣದ್ದು, ಕ್ಯಾಲೆಂಡರಿನದು ಎಲ್ಲ ಹೇಳಿದೆ. "ನಂಗೆ ಗೊತ್ತಿತ್ತಮ್ಮಾ. ಗೊತ್ತಿದ್ದೂ ಇಲ್ಲ ಅಂದೆ" ಎಂದೆ.

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಿಂಗೆ ಗೊತ್ತಾಯ್ತು ಅಂತ ನಂಗೂ ಗೊತ್ತಿತ್ತು."

"ಮತ್ತೆ ಯಾಕಮ್ಮಾ ನೀನು ಅಲ್ಲಿ ಹೇಳ್ಲಿಲ್ಲ?"

"ಹೇಳೋಣ ಅಂತ್ಲೇ ಬಂದಿದ್ದೆ ಕಣಪ್ಪಾ. ಆ ಹುಡುಗಿ ಕೇಳಿದ್ಳಲ್ಲ, ಬಾಯಿ ತೆಗ್ದೆ. ನೀನು ಮೂರು ಸಲ ಗಡಿಯಾರ ನೋಡ್ದೆ. ಸರಿ, ಮಗೂಗೆ ಹೊತ್ತಾಯ್ತು ಅಂತ ಸುಮ್ನಾದೆ."

ನಾನು ಆಗ ಹೇಳಿದ ಮಾತಿಗೆ ಇವತ್ತಿಗೂ ಮೈ ಹಿಡಿಯಾಗುತ್ತದೆ. "ನಾನು ವಾಚ್ ಕಟ್ಟೋದು ಬಿಟ್ಟು ವರ್ಷಗಳಾದ್ವಲ್ಲಮ್ಮಾ" ಎಂದೆ. ಸಾಕ್ಷಿಯಲ್ಲಿ ದೋಷ ಸಿಕ್ಕಿತೆಂಬ ಸಣ್ಣ ಖುಷಿ ನನ್ನ ದನಿಯಲ್ಲಿತ್ತು. ಅದು ನನಗೂ ಕೇಳಿಸಿತು.

"ಗೋಡೆ ಮೇಲಿತ್ತಲ್ಲಪ್ಪ" ಎಂದಳು ಅಮ್ಮ. ಸಿಪ್ಪೆಯನ್ನೆಲ್ಲ ಸೆರಗಿಗೆ ಬಳಿದುಕೊಂಡು ಹಸುವಿಗೆ ಹಾಕಲು ಎದ್ದು ಹೋದಳು. ನಡುವೆ ನಿಲ್ಲಲಿಲ್ಲ.

ಮುಂದಿನ ತಪಾಸಣೆ ಚಿಕ್ಕಬಳ್ಳಾಪುರದಲ್ಲೇ, ಅದೇ ಕೋಣೆಯಲ್ಲಿ. ಡಾಕ್ಟರು ಎದುರಿಗೆ, ಅಮ್ಮ ನನ್ನ ಎಡಕ್ಕೆ. ನಾನು ಕೂತಲ್ಲಿಂದ ಕಾಣುವ ಮೂರು ಗೋಡೆಗಳಲ್ಲಿ ಗಡಿಯಾರ ಇರಲಿಲ್ಲ. ಎದ್ದು ಬರುವಾಗ ಗೊತ್ತಾಯಿತು, ಅದು ಬಾಗಿಲ ಮೇಲೆ ಇದೆ, ನನ್ನ ಬೆನ್ನ ಹಿಂದೆ. ಅದನ್ನು ನೋಡಬೇಕಾದರೆ ಕುರ್ಚಿಯಲ್ಲಿ ಪೂರ್ತಿ ತಿರುಗಬೇಕು. ಹಾಗೆ ತಿರುಗಿದ್ದೆ ನಾನು, ಮೂರು ಸಲ, ಅವಳು ಬಾಯಿ ತೆರೆದು ಕೂತಿದ್ದಾಗ. ನನಗೆ ಅದರ ನೆನಪಿಲ್ಲ. ಆದರೆ ಈ ಸಲ ಅವಳ ಮಾತನ್ನೇ ನಂಬುತ್ತೇನೆ.

ಅದಕ್ಕೂ ಮೊದಲು ಡಾಕ್ಟರು ಕೇಳಿದ್ದರು: "ಈಗ ಹೇಗಿದೆ? ನಡೆದ್ರೆ ಸುಸ್ತಾಗುತ್ತಾ?" ರೂಢಿಯಂತೆ ಕಣ್ಣು ಮೊದಲು ನನ್ನ ಕಡೆ ಬಂತು. ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ. ಆಮೇಲೆ ಅಮ್ಮ ಗಂಟಲು ಸರಿಮಾಡಿಕೊಂಡು, ತೋಟದ ಎಷ್ಟನೆಯ ಸಾಲಿನವರೆಗೆ ನಡೆಯುತ್ತಾಳೆ, ಎಲ್ಲಿ ಒಮ್ಮೆ ನಿಲ್ಲುತ್ತಾಳೆ, ಯಾವ ಮಗ್ಗುಲಿಗೆ ಮಲಗಿದರೆ ಏನಾಗುತ್ತದೆ, ಬೆಳಗಿನ ಮಾತ್ರೆಗೆ ಬಾಯಿ ಹೇಗೆ ಒಣಗುತ್ತದೆ ಎಂದು ಹೇಳಲು ಶುರುಮಾಡಿದಳು. ಡಾಕ್ಟರು ಬರೆದುಕೊಳ್ಳುತ್ತ ಹೋದರು.